ಎಡಗಿವಿಯ ಗುರುತು

ಲಿಂಗಸುಗೂರು
೨೭ ಫೆಬ್ರುವರಿ ೧೯೯೬

ಪ್ರೀತಿಯ ತಮ್ಮ ಬಾಲಪ್ಪನಿಗೆ,

ಈ ಕಾಗದ ಬರೆಯುತ್ತಿರುವವಳು ಅಮರಮ್ಮ, ತಂದೆ ದಿವಂಗತ ಅಂಬಪ್ಪ, ತಾಯಿ ದಿವಂಗತ ಮುದುಕಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಸೇವಾವಧಿ ಮೂವತ್ತಾರು ವರ್ಷ ಒಂಬತ್ತು ತಿಂಗಳು. ಒಡಹುಟ್ಟಿದವನಿಗೆ ಬರೆಯುವಾಗ ಇಷ್ಟೆಲ್ಲ ಏಕೆಂದು ನೀನು ಕೇಳಬಹುದು. ನಿನಗೆ ಓದಲು ಬಾರದು, ಆದವಾನಿಯಲ್ಲಿ ನಿನಗೆ ಇದನ್ನು ಓದಿ ಹೇಳುವವರು ಯಾರೆಂದು ನನಗೆ ತಿಳಿಯದು. ಆ ಮಹನೀಯರಿಗೆ ಬರೆದವಳು ಯಾರೆಂಬುದು ಮೊದಲೇ ಗೊತ್ತಿರಲಿ. ಓದುವ ಅವರಲ್ಲಿ ನನ್ನದೊಂದು ಪ್ರಾರ್ಥನೆ: ದಯವಿಟ್ಟು ಸಾವಕಾಶವಾಗಿ ಓದಿ, ನನ್ನ ಮರ್ಯಾದೆ ಉಳಿಸಲೆಂದು ಯಾವ ಸಾಲನ್ನೂ ಬಿಡಬೇಡಿ, ನನ್ನ ತಮ್ಮ ಮಧ್ಯದಲ್ಲಿ ಎದ್ದು ಹೋದರೆ ಬೀಡಿ ಸೇದಿ ಮರಳುವವರೆಗೆ ಕಾಯಿರಿ. ಅವನು ಮರಳುತ್ತಾನೆ, ಚಿಕ್ಕಂದಿನಿಂದಲೂ ಅವನ ಸಿಟ್ಟು ಒಂದು ಬೀಡಿಯಷ್ಟೇ ಉದ್ದ. ಒಂದೇ ಒಂದು ಸಲ ಅದು ಆರು ವರ್ಷ ನಾಲ್ಕು ತಿಂಗಳು ಉಳಿಯಿತು. ಆ ಕುರಿತೇ ಈ ಕಾಗದ.

ನಿನ್ನ ಆರೋಗ್ಯ ಹೇಗಿದೆ ತಮ್ಮಾ? ಪೊರಕೆ ಮಾರಲು ಆದವಾನಿಗೆ ಬಂದಿದ್ದ ಬಸ್ಸಪ್ಪ ನಿನ್ನನ್ನು ಹತ್ತಿ ಮಾರುಕಟ್ಟೆಯ ಹಿಂದೆ ಕಂಡುದಾಗಿ ಹೇಳಿದ. ಕೆಮ್ಮು ಬಹಳವಿದೆಯಂತೆ, ಹತ್ತಿಯ ಧೂಳಿನಲ್ಲಿ ಅಂಗಳ ಗುಡಿಸುವ ಕೆಲಸವಂತೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ನಿನ್ನ ಹೆಂಡತಿ ಆದಮ್ಮನ ಮೊಣಕಾಲು ನೋವು ಕಡಿಮೆಯಾಯಿತೇ? ನಾನು ನಡೆದಾಡಿಕೊಂಡಿದ್ದೇನೆ, ಬಲಗಣ್ಣಿಗೆ ಪೊರೆ ಬಂದಿದೆ, ಆದರೂ ಅಕ್ಷರದ ಸಾಲು ಸೊಟ್ಟಗಾಗಿಲ್ಲ. ಬಸ್ಸಪ್ಪ ಇನ್ನೊಂದು ಮಾತು ಹೇಳಿದ: ದಾರಿಯಲ್ಲಿ ಹಂದಿ ಕಂಡರೆ ನೀನು ಮುಖ ತಿರುಗಿಸಿ ನಿಲ್ಲುತ್ತೀಯಂತೆ. 

ಈಗ ಸುದ್ದಿಗೆ ಬರುತ್ತೇನೆ. ನಮ್ಮ ದೊಡ್ಡಪ್ಪನ ಮಗ ಗ್ಯಾನಪ್ಪ ಎಳ್ಳಮಾವಾಸ್ಯೆಯ ಮೂರನೆಯ ದಿನ ತೀರಿಕೊಂಡ. ಅವನ ಹೆಸರು ಕೇಳಿದೊಡನೆ ಈ ಕಾಗದವನ್ನು ಕಸಿದು ಹರಿಯಬೇಡ. ಮಸ್ಕಿ ಹಳ್ಳದ ದಂಡೆಯಲ್ಲಿ ಅವನು ಕಲ್ಲು ಪೇರಿಸಿ ಕಟ್ಟಿದ ದೊಡ್ಡಿಯೊಳಗೆ ಏಳು ಜೂಲುಹಂದಿಗಳಿವೆ. ನಿಜವಾದವು, ನೆತ್ತಿಯಿಂದ ಬಾಲದ ಬುಡದವರೆಗೆ ಕರಿಯ ಜೂಲು, ಸುರುಳಿಯಾಗದ ನೇರ ಬಾಲ, ಮರಿಯ ಬೆನ್ನಿಗೆ ಬೂದುಗೆರೆ. ಏಳಕ್ಕೂ ಎಡಗಿವಿಯ ಅಂಚನ್ನು ಹಕ್ಕಿಬಾಲದಂತೆ ಕವಲಾಗಿ ಕತ್ತರಿಸಿದ ಗುರುತು, ಹಕ್ಕಿಬಾಲದ ಕತ್ತರಿ. ಅದು ನಿನ್ನ ಗುರುತು. ಗ್ಯಾನಪ್ಪನ ಹೆಂಡತಿ ಹುಸೇನಮ್ಮ ಯುಗಾದಿ ಮುಗಿಸಿ ಸಾಲಗುಂದದ ಮಗಳ ಮನೆಗೆ ಹೋಗುತ್ತಾಳೆ. ಅಲ್ಲಿ ಹಂದಿ ಕಟ್ಟಲು ಸ್ಥಳವಿಲ್ಲ. ಸಿಂಧನೂರಿನ ಮಾಂಸದ ವ್ಯಾಪಾರಿ ಎರಡು ಸಲ ಬಂದು ನೋಡಿ ಹೋಗಿದ್ದಾನೆ. ಯುಗಾದಿಯೊಳಗೆ ನೀನು ಬರದಿದ್ದರೆ ಆ ತಳಿ ಇಲ್ಲಿಗೆ ಮುಗಿಯಿತು. ಬಾ ಎಂದು ಬರೆದರೆ ಕಳ್ಳನ ದೊಡ್ಡಿಗೆ ಕಾಲಿಡಲಾರೆ ಎನ್ನುತ್ತೀ. ಆದ್ದರಿಂದ ಅವನು ಕಳ್ಳನಲ್ಲವೆಂದು ತೋರಿಸುವ ಭಾರ ನನ್ನ ಮೇಲಿದೆ. ಆ ಭಾರವನ್ನು ನಾನು ಆರು ವರ್ಷ ಮುಂದೂಡಿದ್ದೇನೆ.

ನಿನಗೆ ನೆನಪಿದೆಯಲ್ಲ, ನೌಕರಿ ಸಿಕ್ಕ ಮೇಲೆ ನಾನು ಮಸ್ಕಿಯ ಓಣಿಗೆ ಬರುವುದನ್ನೇ ಕಡಿಮೆ ಮಾಡಿದ್ದೆ. ಬಂದರೂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಅವ್ವ ಹಾಸಿದ ಚಾಪೆಯ ಅಂಚಿನಲ್ಲಿ ಕೂಡುತ್ತಿದ್ದೆ. ಹಂದಿಯ ಬೆನ್ನುಕೂದಲು ಮಾರಿ ನನಗೆ ಪಾಟಿ ಕೊಡಿಸಿದ ಅವ್ವ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದಳು. ಇಲಾಖೆಯವರು ಸೀಮೆಯ ಬಿಳಿ ಗಂಡುಹಂದಿ ಹಂಚಿದಾಗ ಓಣಿಯ ನಮ್ಮವರೆಲ್ಲ ತೆಗೆದುಕೊಂಡರು, ಗ್ಯಾನಪ್ಪನೂ ತೆಗೆದುಕೊಂಡ. ಎಂಟು ತಿಂಗಳಿಗೆ ಎರಡು ಪಟ್ಟು ತೂಕ ಬರುತ್ತದೆಂದು ಅವನ ವಾದ. ನೀನೊಬ್ಬ ಮಾತ್ರ ಒಪ್ಪಲಿಲ್ಲ. ಬಿಳಿಯದರ ಮರಿ ಬಿಸಿಲಿಗೆ ಬೀಳುತ್ತದೆ, ಹಾಕಿದ್ದನ್ನು ತಿನ್ನುತ್ತದೆಯೇ ಹೊರತು ಹುಡುಕಿ ತಿನ್ನುವುದಿಲ್ಲ, ಜೂಲಿನದು ಬರದಲ್ಲೂ ಜೇಕುಹುಲ್ಲಿನ ಗಡ್ಡೆ ಅಗೆದು ಹನ್ನೊಂದು ಮರಿ ಸಾಕುತ್ತದೆ ಎಂದು ನೀನು ಹೇಳುತ್ತಿದ್ದೆ. ಇದಕ್ಕಾಗಿ ನೀವಿಬ್ಬರೂ ಹಳ್ಳದ ದಂಡೆಯಲ್ಲಿ ದಿನವೂ ಜಗಳವಾಡುತ್ತಿದ್ದಿರಿ, ಜಗಳ ಮುಗಿಸಿ ಒಂದೇ ತಂಬಿಗೆಯಿಂದ ನೀರು ಕುಡಿಯುತ್ತಿದ್ದಿರಿ. ಗ್ಯಾನಪ್ಪ ಒಮ್ಮೆ, "ನಿನ್ನ ಕರೇವು ಇವತ್ತಲ್ಲ ನಾಳಿ ಹೋಗೂವು. ಹೋದ ಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ" ಎಂದಿದ್ದ. ಸಲುಗೆಯಿಂದ ಆಡಿದ ಆ ಮಾತೇ ಮುಂದೆ ಅವನಿಗೆ ಉರುಳಾಯಿತು.

ಧಾರವಾಡದ ಕಡೆಯ ಆ ಪಶುವೈದ್ಯರು ಬಂದದ್ದು ೧೯೮೮ರ ಬೇಸಿಗೆಯಲ್ಲಿ. ಇಂಥ ಜೂಲಿನ ಹಂದಿಯನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದೂ, ತಾಯಿ-ತಂದೆಯ ದಾಖಲೆ ಇಟ್ಟು ಬೆರಕೆಯಾಗದಂತೆ ಬೆಳೆಸಿದರೆ ತಳಿ ಉಳಿದೀತೆಂದೂ ಹೇಳಿದರು. ದಾಖಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಮೂಗಿನ ಸೆರಗು ತೆಗೆದೆ. ಐವತ್ತೆರಡನೆಯ ವಯಸ್ಸಿನಲ್ಲಿ, ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು, ನಿನ್ನ ಹಿಂಡಿನ ವಂಶಾವಳಿ ಬರೆಯತೊಡಗಿದೆ. ನೀನು ಹೆಜ್ಜೆ ನೋಡಿ, ಕೂಗು ಕೇಳಿ ಗುರುತಿಸುತ್ತಿದ್ದೆ. ನಾನು ಹೆಸರು ಬೇಕೆಂದು ಹಟ ಹಿಡಿದೆ. "ಹಂದಿಗೆ ಹಾಜರಿ ಹಿಡೀತಿ ಏನಬೇ ಅಕ್ಕ? ಗೈರುಹಾಜರಾದ್ರ ಬೆತ್ತಾ ಕೊಡ್ತಿ?" ಎಂದು ನೀನು ನಗುತ್ತಿದ್ದೆ. ಕೊನೆಗೆ ನೀನೇ ದಬ್ಬಿ, ಗೌರಿ, ಮೂಗುಬೊಟ್ಟಿ ಎಂದೆಲ್ಲ ಹೆಸರು ಕೊಟ್ಟೆ. ಯಾವ ಹೆಣ್ಣಿಗೆ ಹನ್ನೆರಡು ಮೊಲೆ ಸರಿಸಮವಾಗಿವೆ, ಯಾವುದು ಈಯುವ ಮುನ್ನ ಹುಲ್ಲು ಕಚ್ಚಿ ತಂದು ಗೂಡು ಕಟ್ಟುತ್ತದೆ, ಯಾವ ಗಂಡನ್ನು ಯಾವುದರ ಬಳಿ ಬಿಡಬಾರದು, ಎಲ್ಲವೂ ನಿನ್ನ ತಲೆಯಲ್ಲಿದ್ದವು. ನನ್ನ ತಮ್ಮ ಪಂಡಿತನೆಂದು ನನಗೆ ಆಗ ಗೊತ್ತಾಯಿತು. ನಿನ್ನನ್ನು ಶಾಲೆಗೆ ಕಳಿಸದೆ ನನ್ನನ್ನು ಕಳಿಸಿದರೆಂಬ ನಾಚಿಕೆ ನನಗೆ ಮೊದಲ ಸಲ ಆದದ್ದು ಅಲ್ಲಿ, ಆ ಕೆಸರಿನ ಬದಿಯಲ್ಲಿ.

ಮರುವರ್ಷ ಅಕ್ಟೋಬರಿನಲ್ಲಿ ಕಾಲುವೆಯ ಕಡೆಯಿಂದ ಮೆದುಳುಜ್ವರದ ಸುದ್ದಿ ಬಂತು. ಹಂದಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮಕ್ಕಳಿಗೆ ಎಂದು ಊರು ಹೆದರಿತು. ಊರ ಹಿರಿಯರು ಕೂಡಿ, ಹೊರಗಿನಿಂದ ಹಿಡಿಯುವವರನ್ನು ಕರೆಸಿ ಹಂದಿಗಳನ್ನೆಲ್ಲ ತೆಗೆಸುವುದೆಂದು ಗೊತ್ತುಮಾಡಿದರು. ನಾನು ಅವರ ಮುಂದೆ ನಿಂತು ವಾದಿಸಿದೆ. ತಳಿ ಅಪರೂಪದ್ದು, ಹನ್ನೊಂದೇ ಉಳಿದಿವೆ, ಊರಾಚೆ ದೊಡ್ಡಿ ಕಟ್ಟಿಸಿ ಕೂಡಿಹಾಕುತ್ತೇವೆ ಎಂದೆ. ಶಾಲೆಯ ಅಕ್ಕೋರು ಹೇಳಿದ್ದೆಂದು ಅವರು ಒಪ್ಪಿದರು. ಅವುಗಳನ್ನು ಗುರುತಿಸಲು ಒಂದು ಕಾಗದ ಬರೆದುಕೊಡಿರೆಂದರು. ಬರೆದುಕೊಟ್ಟೆ. ಹಿಡಿಯುವವರು ಸೋಮವಾರ ಬರುವವರಿದ್ದರು. ದೊಡ್ಡಿಗೆ ಕಲ್ಲು ಗೊತ್ತುಮಾಡಲು ನೀನು ಶನಿವಾರ ಮುದಗಲ್ಲಿಗೆ ಹೋದೆ. ಅವರು ಭಾನುವಾರವೇ ಬಂದರು. ಆ ಭಾನುವಾರ ನಾನೂ ಬಂದಿರಲಿಲ್ಲ. ಸಂಜೆ ನೀನು ಬಸ್ಸಿಳಿಯುವಷ್ಟರಲ್ಲಿ ನಿನ್ನ ಹಿಂಡಿನಲ್ಲಿ ಒಂದೂ ಉಳಿದಿರಲಿಲ್ಲ. ಗ್ಯಾನಪ್ಪನ ಬೆರಕೆ ಹಂದಿಗಳು ಮಾತ್ರ ಹಳ್ಳದಲ್ಲಿ ಮೇಯುತ್ತಿದ್ದವು.

ನಮ್ಮ ತಾತನಿಗೆ ಇಬ್ಬರು ಗಂಡುಮಕ್ಕಳು. ಕತ್ತರಿ ಒಂದೇ, ಹಕ್ಕಿಬಾಲದ್ದು. ಹಿರಿಯನ ಮನೆಗೆ ಬಲಗಿವಿ, ಕಿರಿಯನ ಮನೆಗೆ ಎಡಗಿವಿ. ಎಡಗಿವಿಯವು ನಿನ್ನವು, ಬಿಡಬೇಕಾದವು. ಬಲಗಿವಿಯವು ಗ್ಯಾನಪ್ಪನವು, ಹಿಡಿಯಬೇಕಾದವು. ಆದದ್ದು ತಿರುವುಮುರುವು. ಕುಲದ ಪಂಚಾಯ್ತಿಯಲ್ಲಿ ನೀನು ಬೇರೆ ಏನನ್ನು ತಾನೇ ತಿಳಿದುಕೊಳ್ಳಬಹುದಿತ್ತು? ಹಿಡಿಯುವವರನ್ನು ಒಳಗೆ ಹಾಕಿಕೊಂಡು ಗ್ಯಾನಪ್ಪ ನಿನ್ನ ಹಿಂಡನ್ನು ಕದ್ದು ಸಾಗಿಸಿದನೆಂದು ನೀನು ಅಂದೆ. "ಕುಲದಾಗ ಹುಟ್ಟಿ ಕುಲಾನ ಮಾರಿದಿ" ಎಂದೆ. ಅವನು ತಲೆ ಎತ್ತದೆ, "ನಾ ಮಾಡಿಲ್ಲಪಾ ತಮ್ಮ" ಎಂದದ್ದು ಬಿಟ್ಟರೆ ಮತ್ತೊಂದು ಮಾತು ಆಡಲಿಲ್ಲ. ಆ ಮೌನವನ್ನೇ ಎಲ್ಲರೂ ಒಪ್ಪಿಗೆಯೆಂದು ಹಿಡಿದರು. ಅಂದಿನಿಂದ ಅವನ ಮನೆಯ ನೀರು ಯಾರೂ ಮುಟ್ಟಲಿಲ್ಲ. ಅವನ ಎರಡನೆಯ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ನೀನು ಆದಮ್ಮನನ್ನು ಕರೆದುಕೊಂಡು ನದಿ ದಾಟಿ ಹೋದೆ.

ನೀನು ಹೋದ ಮೂರನೆಯ ದಿನ ಗ್ಯಾನಪ್ಪನಿಗೆ ಜಾಲಿಮುಳ್ಳಿನ ಪೊದೆಯೊಳಗೆ ಗೌರಿ ಕಂಡಳಂತೆ. ತುಂಬಿದ ಬಸುರಿ, ಗೂಡು ಕಟ್ಟಲು ಒಳಗೆ ಸೇರಿದವಳು ಹಿಡಿಯುವವರ ಕಣ್ಣಿಗೆ ಬಿದ್ದಿರಲಿಲ್ಲ. ಆರು ಮರಿ ಹಾಕಿದ್ದಳು, ಎರಡು ಗಂಡು. ಗ್ಯಾನಪ್ಪ ನಿನಗೆ ಹೇಳಿಕಳಿಸಬೇಕೆಂದುಕೊಂಡು, ಕದ್ದ ಮಾಲನ್ನು ಹೆದರಿ ತಿರುಗಿಸುತ್ತಿದ್ದಾನೆಂದು ನೀನು ಅಂದೀಯೆಂದು ಸುಮ್ಮನಾದ. ತಾನೇ ಕಲ್ಲು ಹೊತ್ತು ದೊಡ್ಡಿ ಕಟ್ಟಿದ. ತನ್ನ ಬೆರಕೆ ಗಂಡುಗಳು ಒಳಗೆ ನುಗ್ಗಬಾರದೆಂದು ಅವನ್ನೆಲ್ಲ ಮಾರಿಬಿಟ್ಟ. ನಿನ್ನೊಡನೆ ವರ್ಷಗಟ್ಟಲೆ ವಾದಿಸಿದವನು ಕೊನೆಗೆ ನಿನ್ನ ತಳಿಯನ್ನೇ ಕಾಯುತ್ತ ಕುಳಿತ. ಹುಟ್ಟಿದ ಪ್ರತಿಯೊಂದು ಮರಿಗೂ ತಾನೇ ಕಿವಿ ಕತ್ತರಿಸಿದ. ಬಲಗಿವಿಗೆ ಹೋಗುವ ರೂಢಿಯ ಕೈಯನ್ನು ಹಿಡಿದು ನಿಲ್ಲಿಸಿ, "ಇದು ಬಾಲ್ಯಾನ ಮಾಲು" ಎಂದು ಪ್ರತಿಸಲ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದನಂತೆ.

ಹುಸೇನಮ್ಮ ಕಳೆದ ತಿಂಗಳು ನನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿ, ನಿನಗೆ ಕಾಗದ ಬರೆಯಲು ಕೇಳಿಕೊಂಡಳು. ನಾನು ಅವಳೊಡನೆ ಮಸ್ಕಿಗೆ ಹೋದೆ. ಗೌರಿಗೆ ಈಗ ಹತ್ತು ವರ್ಷ ದಾಟಿದೆ. ಜೂಲು ಉದುರಿ ಬೆನ್ನೆಲುಬು ಕಾಣುತ್ತದೆ. ನಾನು ದೊಡ್ಡಿಯ ಕಲ್ಲಿನ ಮೇಲೆ ಕುಳಿತಾಗ ಹತ್ತಿರ ಬಂದು ನನ್ನ ಚಪ್ಪಲಿ ಮೂಸಿ, ನನ್ನ ಕಾಲಿಗೆ ಒರಗಿ ಮಲಗಿದಳು. ಅರವತ್ತು ವರ್ಷದ ನಾನು ಮೊದಲ ಬಾರಿಗೆ ಹಂದಿಯ ಬೆನ್ನ ಮೇಲೆ ಕೈಯಿಟ್ಟೆ. ಎಷ್ಟು ಬೆಚ್ಚಗಿರುತ್ತದೆಂದು ನೀನಾಗಲೀ ಅವ್ವನಾಗಲೀ ನನಗೆ ಹೇಳಿರಲಿಲ್ಲ. ಆದರೆ ಅಲ್ಲಿ ಸಂತೋಷಪಡುವಂಥದು ಬಹಳವಿಲ್ಲ. ಆರು ವರ್ಷದಿಂದ ಒಂದೇ ತಾಯಿಯ ರಕ್ತ ತಿರುಗಿ ತಿರುಗಿ ಕೂಡಿದೆ. ಹಿಂದಿನ ಸೂಲಿನಲ್ಲಿ ಮೂರೇ ಮರಿ, ಅದರಲ್ಲಿ ಎರಡು ಸತ್ತೇ ಹುಟ್ಟಿದವು. ಯಾವ ಊರಿನ ಯಾರ ಮನೆಯಲ್ಲಿ ಇನ್ನೂ ಒಂದು ಜೂಲಿನ ಗಂಡು ಉಳಿದಿದ್ದೀತು, ಅದನ್ನು ಯಾವ ಹೆಣ್ಣಿಗೆ ಕೂಡಿಸಬೇಕು ಎಂಬುದನ್ನು ನನ್ನ ವಂಶಾವಳಿ ಹೇಳುವುದಿಲ್ಲ. ಗ್ಯಾನಪ್ಪನಿಗೂ ತಿಳಿದಿರಲಿಲ್ಲ. ಬಲ್ಲವನು ನೀನೊಬ್ಬನೇ. ಆದವಾನಿಯಲ್ಲಿ ಹತ್ತಿ ಗುಡಿಸುತ್ತಿದ್ದೀ.

ಈಗ ನನ್ನ ಮಾತು. ಹಿಡಿಯುವವರಿಗೆ ಓದು ಬಾರದೆಂದು ನಾನು ಆ ಕಾಗದದಲ್ಲಿ ಚಿತ್ರ ಬರೆದೆ. ತರಗತಿಯ ಗೋಡೆಗೆ ಹಾಕುವ ಪಟದಂತೆ, ಹಂದಿ ನಮ್ಮನ್ನೇ ನೋಡುತ್ತ ನಿಂತ ಮುಖ. ಅದರ ಎಡಗಿವಿಯಲ್ಲಿ ಕೆಂಪು ಶಾಯಿಯ ಕತ್ತರಿ. ಕೆಳಗೆ, ಹೀಗಿರುವವುಗಳನ್ನು ಬಿಡತಕ್ಕದ್ದು ಎಂದು ದುಂಡಗೆ ಬರೆದೆ. ಎದುರಿಗೆ ನಿಂತು ನೋಡಿದರೆ ಪ್ರಾಣಿಯ ಎಡಗಿವಿ ನಮ್ಮ ಬಲಗಡೆಗೆ ಬರುತ್ತದೆ. ಚಿತ್ರದಲ್ಲಿಯೂ ಅದು ಬಲಗಡೆಗೇ ಇದೆ. ಆದರೆ ಹಂದಿ ಹಿಡಿಯುವವನು ಎದುರಿಗೆ ನಿಲ್ಲುವುದಿಲ್ಲ ತಮ್ಮಾ, ಹಿಂದಿನಿಂದ ಅಟ್ಟುತ್ತಾನೆ. ಹಿಂದಿನಿಂದ ನೋಡಿದವರು ಬಲಗಡೆಯ ಕಿವಿಯಲ್ಲಿ ಕತ್ತರಿ ಇದ್ದವುಗಳನ್ನು ಬಿಟ್ಟರು. ಅವು ಗ್ಯಾನಪ್ಪನವು. ನಾನು ಜೀವಮಾನವಿಡೀ ಮಕ್ಕಳ ಮುಖ ನೋಡಿ ಪಾಠ ಹೇಳಿದವಳು. ನೀವು ಜೀವಮಾನವಿಡೀ ಹಿಂಡಿನ ಹಿಂದೆ ನಡೆದವರು. ನಿಮ್ಮ ಓಣಿಯ ಮೂರು ವರ್ಷದ ಕೂಸು ಕೂಡ ಹಂದಿಯನ್ನು ಹಿಂದಿನಿಂದಲೇ ಬರೆಯುತ್ತಿತ್ತು. ಒಮ್ಮೆ ನಿನಗೆ ತೋರಿಸಿದ್ದರೆ ಸಾಕಿತ್ತು. ಓದು ಬಾರದವನಿಗೆ ಏನು ತೋರಿಸುವುದೆಂದು ನೇರವಾಗಿ ಕೊಟ್ಟುಬಿಟ್ಟೆ.

ಕುಲದ ಪಂಚಾಯ್ತಿಯ ಹಿಂದಿನ ದಿನವೇ ಆ ಕಾಗದವನ್ನು ಹಿಡಿಯುವವರಿಂದ ಮರಳಿ ಪಡೆದು ನೋಡಿದ್ದೆ. ನೋಡಿದೊಡನೆ ತಿಳಿಯಿತು. ಮಡಿಚಿ ಚೀಲದಲ್ಲಿಟ್ಟುಕೊಂಡೆ. ನೀನು ಗ್ಯಾನಪ್ಪನಿಗೆ ಆ ಮಾತನ್ನಾಡಿದಾಗ ಚೀಲ ನನ್ನ ತೊಡೆಯ ಮೇಲಿತ್ತು. ಹುಡುಗರು ಒಂದು ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಸಿದವಳು ನಾನು. ನನ್ನ ತಪ್ಪನ್ನು ಒಂದು ಸಲವೂ ಹೇಳಲಿಲ್ಲ. ಮರುದಿನ ಹೇಳೋಣವೆಂದುಕೊಂಡೆ. ನೀನು ಮರುದಿನವೇ ಹೊರಟುಬಿಟ್ಟೆ. ಆಮೇಲೆ ಹೇಳಿ ಪ್ರಯೋಜನವೇನೆಂದು ನನಗೆ ನಾನೇ ಪಾಠ ಹೇಳಿಕೊಂಡೆ. ನಿವೃತ್ತಿಯ ಸಮಾರಂಭದಲ್ಲಿ ಶಾಲು ಹೊದಿಸಿ, ತಪ್ಪಿಲ್ಲದ ಸೇವೆ ಎಂದು ಹೊಗಳಿದಾಗಲೂ ಕೈಮುಗಿದು ನಿಂತಿದ್ದೆ.

ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ; ಅದು ನಿನ್ನ ಇಷ್ಟ. ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಲಿಂಗಸುಗೂರಿಗೆ ಬರಬೇಡ. ಸಿಂಧನೂರಿನ ಮೇಲೆ ಹಾಯ್ದು ನೇರ ಮಸ್ಕಿಗೆ ಹೋಗು. ಹುಸೇನಮ್ಮ ದೊಡ್ಡಿಯ ಬಾಗಿಲಲ್ಲಿರುತ್ತಾಳೆ. ಅವಳ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು ಕುಡಿ. ಅದಾದ ಮೇಲೆ ಓಣಿಯವರೆಲ್ಲ ಕುಡಿಯುತ್ತಾರೆ. ವ್ಯಾಪಾರಿಗೆ ಯುಗಾದಿಯವರೆಗೆ ತಡೆಯೆಂದು ಹೇಳಿದ್ದೇನೆ. ನನ್ನ ಮಾತು ಅಲ್ಲಿಯವರೆಗೆ ನಡೆಯುತ್ತದೆ, ಮುಂದೆ ನಡೆಯದು.

ಆದಮ್ಮನಿಗೆ ನನ್ನ ಆಶೀರ್ವಾದ ಹೇಳು. ಮೊಣಕಾಲಿಗೆ ಎಕ್ಕದ ಎಲೆ ಬಿಸಿಮಾಡಿ ಕಟ್ಟಲಿ. ಓದಿ ಹೇಳಿದ ಮಹನೀಯರಿಗೆ ನನ್ನ ನಮಸ್ಕಾರ. ತಮ್ಮ ಗಂಟಲು ಒಣಗಿದ್ದೀತು, ನನ್ನ ತಮ್ಮ ಚಹಾ ಕೊಡಿಸಲು ಮರೆತರೆ ನೀವೇ ಕೇಳಿ ಪಡೆಯಿರಿ.

ನಿನ್ನ ಒಳಿತನ್ನೇ ಬಯಸುವ ಅಕ್ಕ,
ಅಮರಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಕೈ ತಡೆಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಮನಸ್ಸಾಕ್ಷಿಗೆ ಅಂಜಿ ಒಪ್ಪಿಕೊಂಡೆನೆಂದು ತಿಳಿಯಬೇಡ. ಹುಸೇನಮ್ಮ ಬಂದ ದಿನವೂ ನಾನು, ಹಂದಿಗಳಿವೆ ಬಂದು ಒಯ್ಯಿ ಎಂದಷ್ಟೇ ಬರೆದು ಅವಳಿಗೆ ಓದಿ ಹೇಳಿದೆ. ಆಗ ಅವಳು ಹೇಳಿದಳು: ಗ್ಯಾನಪ್ಪನಿಗೆ ಮೊದಲ ದಿನವೇ ಎಲ್ಲ ತಿಳಿದಿತ್ತು. ಹಿಡಿಯುವವರು ಆ ಚಿತ್ರವನ್ನು ಅವನಿಗೇ ತೋರಿಸಿದ್ದರು. ಇದು ತಿರುವಾಗಿದೆ, ನನ್ನವನ್ನು ಹಿಡಿಯಿರಿ, ಅವನ್ನು ಬಿಡಿರಿ ಎಂದು ಅವನು ಅವರ ಹಿಂದೆ ಮಧ್ಯಾಹ್ನದವರೆಗೆ ಓಡಿದ. ತನ್ನ ಹಂದಿಯನ್ನು ತಾನೇ ಹಿಡಿಯೆನ್ನುವವನಿಗೆ ತಲೆ ಕೆಟ್ಟಿದೆಯೆಂದು ಅವರು ನಕ್ಕರು. ಕುಲದ ಮುಂದೆ ಏಕೆ ಹೇಳಲಿಲ್ಲವೆಂದು ಅಂದು ಹುಸೇನಮ್ಮ ಅವನನ್ನು ಕೇಳಿದ್ದಕ್ಕೆ ಅವನು ಅಂದದ್ದು ಇದು: "ಅಕ್ಕೋರ ಹೆಸರು ತೆಗೀಬ್ಯಾಡ. ನಮ್ಮ ಓಣಿಯಾಗ ಬರಿಯಾಕ ಬರೋದು ಅದೊಂದ ಕೈ. ಅದೂ ತಪ್ಪು ಬರೀತದ ಅಂತ ಗೊತ್ತಾದ್ರ ನಾಳಿ ಯಾರೂ ಹುಡುಗರನ್ನ ಸಾಲಿಗೆ ಕಳಸಂಗಿಲ್ಲ." ನನ್ನ ಕೈಯನ್ನು ಕಾಯಲು ಅವನು ಆರು ವರ್ಷ ಕಳ್ಳನಾಗಿ ಬದುಕಿ, ಕಳ್ಳನಾಗಿ ಸತ್ತ. ಹೆಣ ಎತ್ತಲು ಓಣಿಯಿಂದ ಇಬ್ಬರು ಸಿಗಲಿಲ್ಲ. ಅಳಿಯ ಬರುವವರೆಗೆ ಕಾದರು. ಇದನ್ನು ಬರೆಯದೆ ಲಕೋಟೆ ಮುಚ್ಚುವವಳಿದ್ದೆ.

ಇದರೊಂದಿಗೆ ಇರಿಸಿದ ಕಾಗದಪತ್ರಗಳು:

೧. ಜೂಲುಹಂದಿಗಳ ವಂಶಾವಳಿ, ೧೯೮೮–೮೯, ಪುಟ ಹದಿನಾಲ್ಕು.

೨. ಈಗ ಇರುವ ಏಳು ಪ್ರಾಣಿಗಳ ಪಟ್ಟಿ: ಹೆಣ್ಣು ಐದು, ಗಂಡು ಎರಡು. ಕೂಡಿಸಬೇಕಾದ ಗಂಡು ಎಂಬ ಅಂಕಣ ಖಾಲಿ ಬಿಟ್ಟಿದೆ.

೩. ಹಿಡಿಯುವವರಿಗೆ ನಾನು ಬರೆದುಕೊಟ್ಟ ಚಿತ್ರ, ಮೂಲಪ್ರತಿ.

೪. ಗ್ಯಾನಪ್ಪ ನಿರಪರಾಧಿ ಎಂದು ಕಳೆದ ಭಾನುವಾರ ಕುಲದ ಹಿರಿಯರ ಮುಂದೆ ನಾನು ಓದಿ ಒಪ್ಪಿಸಿದ ಹೇಳಿಕೆ, ಹಾಳೆ ಒಂದು. ಹಿರಿಯರ ಹೆಬ್ಬೆಟ್ಟು ಐದು. ಆರನೆಯ ಹೆಬ್ಬೆಟ್ಟು ನನ್ನದು, ಸಹಿ ಮಾಡಿಲ್ಲ.